ದೇವರ ರಾಜ್ಯ ನಿಮ್ಮಲ್ಲಿಯೇ ಇದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಹೀರುವಾಗ, ಬೈಬಲ್ ಅಧ್ಯಯನದ ಸಂಜೆಗಳಲ್ಲಿ, ಆಗೊಮ್ಮೆ ಈಗೊಮ್ಮೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಸರಳವಾದವು ಮೊದಲು, ತೊಡಕಿನವು ಆಮೇಲೆ. ಎಲ್ಲಿಂದ ಬೇಕಾದರೂ ಓದಲು ತೊಡಗಬಹುದು.

## ಹೊಸಬರು ಕೇಳುವವು

ದೇವರ ರಾಜ್ಯ ಎಂದರೆ ಸತ್ತ ಮೇಲೆ ಹೋಗುವ ಸ್ವರ್ಗ ತಾನೇ?

ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ‘ರಾಜ್ಯ’ ಎಂಬ ಪದವೇ. ಕರ್ನಾಟಕ ರಾಜ್ಯ, ನೆರೆಯ ರಾಜ್ಯ, ರಾಜ್ಯ ಹೆದ್ದಾರಿ: ಪದ ಕಿವಿಗೆ ಬಿದ್ದೊಡನೆ ಗಡಿ, ನಕಾಶೆ, ಚೆಕ್‌ಪೋಸ್ಟ್ ಕಣ್ಣ ಮುಂದೆ ನಿಲ್ಲುತ್ತವೆ. ಸುವಾರ್ತೆಗಳಲ್ಲಿರುವ ಗ್ರೀಕ್ ಪದ ‘ಬಸಿಲೇಯಾ’. ಯೇಸು ಆಡುತ್ತಿದ್ದ ಅರಮಾಯಿಕ್‌ನಲ್ಲಿ ಅದಕ್ಕೆ ಸಮನಾದದ್ದು ‘ಮಲ್ಕೂತಾ’. ಎರಡರಲ್ಲೂ ಮುಂದಾಗಿ ಕೇಳಿಸುವುದು ಅರಸುತನ, ಆಳ್ವಿಕೆ. ನೆಲದ ಮಾತು ಆಮೇಲೆ. ನಮ್ಮ ‘ರಾಜ್ಯಭಾರ’ದಲ್ಲಿ ಈ ಅರ್ಥ ಇನ್ನೂ ಉಸಿರಾಡುತ್ತಿದೆ. ‘ಈ ಮನೆಯಲ್ಲಿ ಅಜ್ಜಿಯದೇ ರಾಜ್ಯಭಾರ’ ಎಂದಾಗ ಯಾರೂ ನಕಾಶೆ ಹುಡುಕುವುದಿಲ್ಲ. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದಷ್ಟೇ ವಿಷಯ. ದೇವರ ರಾಜ್ಯವೂ ಹಾಗೆಯೇ: ದೇವರ ಮಾತು ನಡೆಯುವ ಕಡೆಯೆಲ್ಲ ಅದು ಇದೆ.

ಮಾರ್ಕನ ಸುವಾರ್ತೆಯಲ್ಲಿ (1:15) ಯೇಸುವಿನ ಮೊದಲ ಸಾರುವಿಕೆಯೇ ಕಾಲ ತುಂಬಿತು, ದೇವರ ರಾಜ್ಯ ಸಮೀಪಿಸಿತು ಎಂಬುದು. ಸಾಯುವವರೆಗೆ ಕಾಯಿರಿ ಎಂದು ಅವರು ಹೇಳಲಿಲ್ಲ. ಮರಣದಾಚೆಯ ನಿರೀಕ್ಷೆಯೂ ಈ ನಂಬಿಕೆಯ ಒಳಗೇ ಇದೆ. ಆದರೆ ಕಥೆ ಅಲ್ಲಿಂದ ಶುರುವಾಗುವುದಿಲ್ಲ.

ದೇವರ ರಾಜ್ಯ, ಪರಲೋಕರಾಜ್ಯ, ಸ್ವರ್ಗಸಾಮ್ರಾಜ್ಯ ಎಂದೆಲ್ಲ ಇದೆಯಲ್ಲ, ಇವು ಬೇರೆ ಬೇರೆಯೇ?

ಒಂದೇ. ಮತ್ತಾಯನು ಮೂವತ್ತಕ್ಕೂ ಹೆಚ್ಚು ಸಲ ‘ಪರಲೋಕದ ರಾಜ್ಯ’ ಎನ್ನುತ್ತಾನೆ. ಅದೇ ಮಾತುಗಳನ್ನು ಮಾರ್ಕ ಮತ್ತು ಲೂಕ ‘ದೇವರ ರಾಜ್ಯ’ ಎಂದು ಬರೆಯುತ್ತಾರೆ. ದೇವರ ಹೆಸರನ್ನು ನೇರವಾಗಿ ಎತ್ತದೆ ಗೌರವದಿಂದ ‘ಪರಲೋಕ’ ಎನ್ನುವ ಯೆಹೂದಿ ರೂಢಿ ಇದಕ್ಕೆ ಕಾರಣವಿರಬಹುದು ಎಂಬ ವಿವರಣೆ ಹಳೆಯದು. ಗಂಡನ ಹೆಸರು ಹೇಳದೆ ‘ನಮ್ಮ ಮನೆಯವರು’ ಎನ್ನುವ ನಮ್ಮ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು. ಇನ್ನು ‘ಸ್ವರ್ಗಸಾಮ್ರಾಜ್ಯ’ ಕನ್ನಡ ಕಥೋಲಿಕರ ಬಳಕೆ, ‘ಪರಲೋಕರಾಜ್ಯ’ ಪ್ರೊಟೆಸ್ಟೆಂಟರದು.

ಅದು ನಮ್ಮೊಳಗೆ ಇದೆ ಎಂದು ಯೇಸು ನಿಜವಾಗಿ ಎಲ್ಲಿ ಹೇಳಿದ್ದಾರೆ?

ಲೂಕ 17:20–21. ಬೇರೆ ಮೂರು ಸುವಾರ್ತೆಗಳಲ್ಲಿ ಈ ಮಾತಿಲ್ಲ. ದೇವರ ರಾಜ್ಯ ಯಾವಾಗ ಬರುತ್ತದೆ ಎಂದು ಫರಿಸಾಯರು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರು) ಕೇಳುತ್ತಾರೆ. ರೋಮಿನ ಕಾಲಡಿ ಇದ್ದ ಜನರಿಗೆ ಅದು ತರ್ಕದ ಪ್ರಶ್ನೆಯಾಗಿರಲಿಲ್ಲ. ತೆರಿಗೆ, ಶಿಲುಬೆ, ಸೈನಿಕರ ಕಾಟ ಎಲ್ಲವೂ ಆ ‘ಯಾವಾಗ’ದ ಹಿಂದಿದ್ದವು. ಕಣ್ಣಿಟ್ಟು ಕಾಯುವುದರಿಂದ ಅದು ಬರುವುದಿಲ್ಲ, ಇಗೋ ಇಲ್ಲಿದೆ, ಅಗೋ ಅಲ್ಲಿದೆ ಎನ್ನುವಂತೆಯೂ ಇಲ್ಲ, ದೇವರ ರಾಜ್ಯ ನಿಮ್ಮಲ್ಲಿಯೇ ಇದೆ ಎಂದು ಯೇಸು ಉತ್ತರಿಸುತ್ತಾರೆ. ‘ಕಣ್ಣಿಟ್ಟು ಕಾಯುವುದು’ ಎಂದು ನಾನು ಇಲ್ಲಿ ಬಳಸಿದ್ದಕ್ಕೆ ಮೂಲದಲ್ಲಿರುವ ಪದವನ್ನು ಆ ಕಾಲದಲ್ಲಿ ನಕ್ಷತ್ರಗಳ ಚಲನೆ ನೋಡುವುದಕ್ಕೂ, ವೈದ್ಯರು ರೋಗದ ಲಕ್ಷಣ ಗಮನಿಸುವುದಕ್ಕೂ ಹೇಳುತ್ತಿದ್ದರು. ಪ್ರತಿ ಯುದ್ಧ, ಪ್ರತಿ ಭೂಕಂಪ ಕಂಡಾಗಲೂ ದಿನಾಂಕ ಲೆಕ್ಕ ಹಾಕುವ ನಮ್ಮ ಕೆಲವು ಬೋಧಕರು ಈ ವಾಕ್ಯವನ್ನು ಓದದೆ ದಾಟುತ್ತಾರೋ ಏನೋ.

ಕೆಲವು ಬೈಬಲ್‌ಗಳಲ್ಲಿ ‘ನಿಮ್ಮೊಳಗೆ’, ಕೆಲವುಗಳಲ್ಲಿ ‘ನಿಮ್ಮ ಮಧ್ಯದಲ್ಲಿ’ ಎಂದಿದೆ. ಯಾವುದು ಸರಿ?

ಜಗಳವೆಲ್ಲ ‘ಎಂಟೋಸ್’ ಎಂಬ ಒಂದು ಪುಟ್ಟ ಗ್ರೀಕ್ ಪದದ ಮೇಲೆ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದೇ ಎರಡು ಸಲ. ಇಲ್ಲಿ ಒಂದು ಸಲ. ಇನ್ನೊಂದು ಸಲ ಮತ್ತಾಯ 23:26ರಲ್ಲಿ, ಬಟ್ಟಲಿನ ಒಳಭಾಗವನ್ನು ಮೊದಲು ತೊಳೆ ಎನ್ನುವ ಕಡೆ. ಅಲ್ಲಿ ಅರ್ಥ ನಿಸ್ಸಂದೇಹವಾಗಿ ‘ಒಳಗೆ’. ‘ನಿಮ್ಮ ಮಧ್ಯದಲ್ಲಿ’ ಎನ್ನಬೇಕಾದಾಗ ಲೂಕನ ಬಳಿ ಬೇರೆ ಪದವೇ ಇದೆ, ‘ಎನ್ ಮೆಸೋ’. ನಾನು ನಿಮ್ಮ ನಡುವೆ ಸೇವೆ ಮಾಡುವವನಂತಿದ್ದೇನೆ ಎಂದು ಯೇಸು ಕಡೆಯ ಊಟದಲ್ಲಿ ಹೇಳುವಾಗ (22:27) ಅವನು ಅದನ್ನೇ ಬಳಸಿದ. ಲ್ಯಾಟಿನ್ ಬೈಬಲ್, ಲೂಥರನ ಜರ್ಮನ್, 1611ರ ಇಂಗ್ಲಿಷ್ ಮೂರೂ ‘ಒಳಗೆ’ ಎಂದೇ ಓದಿದವು.

ಎದುರು ಪಕ್ಷದ ವಾದವೂ ಹಗುರವಲ್ಲ. ಕೇಳಿದವರು ಫರಿಸಾಯರು; ಅವರೊಡನೆ ಯೇಸುವಿನ ಸಂಘರ್ಷ ಆ ಸುವಾರ್ತೆಯ ಉದ್ದಕ್ಕೂ ಇದೆ. ಅವರ ಹೃದಯದೊಳಗೆ ದೇವರ ರಾಜ್ಯವಿದೆ ಎನ್ನುವುದು ವಿಚಿತ್ರ. ನೀವು ಹುಡುಕುವ ಅರಸನೇ ನಿಮ್ಮ ಎದುರು ನಿಂತಿದ್ದಾನೆ ಎಂಬುದು ಸಹಜ. ಇಪ್ಪತ್ತನೆಯ ಶತಮಾನದ ಬಹಳಷ್ಟು ಅನುವಾದಗಳು ಈ ಕಡೆಗೆ ವಾಲಿದವು. ಈಜಿಪ್ಟಿನ ಹಳೆಯ ಪಪೈರಸ್ ಕಾಗದಗಳಲ್ಲಿನ ಬಳಕೆಯನ್ನು ನೋಡಿ ‘ನಿಮ್ಮ ಕೈಗೆಟಕುವಷ್ಟರಲ್ಲಿ’ ಎಂಬ ಮೂರನೆಯ ಅರ್ಥ ಹೇಳಿದವರೂ ಉಂಟು.

ಇಲ್ಲಿ ಕನ್ನಡಕ್ಕೆ ಒಂದು ಭಾಗ್ಯವಿದೆ. ‘ನಿಮ್ಮಲ್ಲಿ ಧೈರ್ಯವಿದೆ’ ಎಂದರೆ ನಿಮ್ಮ ಒಳಗೆ. ‘ನಿಮ್ಮಲ್ಲಿ ಯಾರಿಗೆ ಈಜು ಬರುತ್ತದೆ?’ ಎಂದರೆ ನಿಮ್ಮ ನಡುವೆ. ಇಂಗ್ಲಿಷಿನವರು ಎರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಅಡಿಟಿಪ್ಪಣಿಗೆ ತಳ್ಳಬೇಕು. ನಮ್ಮ ‘ಅಲ್ಲಿ’ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿದಿಡುತ್ತದೆ. ವ್ಯಾಕರಣದಿಂದ ಅಳೆದರೆ ‘ಒಳಗೆ’ ಎನ್ನುವವರ ತಕ್ಕಡಿ ಭಾರ ಎಂಬುದು ನನ್ನ ಅಭಿಪ್ರಾಯ. ಆದರೂ ಓದುವಾಗ ‘ನಿಮ್ಮಲ್ಲಿ’ ಎಂದೇ ಓದುತ್ತೇನೆ. ಅಲ್ಲಿರುವುದು ಬಹುವಚನ ಎಂಬುದನ್ನೂ ಗಮನಿಸಿ. ಅದು ‘ನಿನ್ನಲ್ಲಿ’ ಅಲ್ಲ.

ಹಾಗಾದರೆ ಆ ಫರಿಸಾಯರೊಳಗೂ ದೇವರ ರಾಜ್ಯ ಇತ್ತೇ?

ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ನೆನಪಿಸಿಕೊಳ್ಳಿ. ಬೀಜ ದಾರಿಯ ಮೇಲೂ ಬಿತ್ತು, ಬಂಡೆಯ ಮೇಲೂ ಬಿತ್ತು. ಬೀಜದಲ್ಲಿ ಕೊರತೆ ಇರಲಿಲ್ಲ. ನಿಕೊದೇಮನೂ ಫರಿಸಾಯನೇ, ರಾತ್ರಿ ಕದ್ದು ಬಂದ ಆತನಿಗೇ ಹೊಸದಾಗಿ ಹುಟ್ಟದವನು ದೇವರ ರಾಜ್ಯವನ್ನು ಕಾಣಲಾರ ಎಂದು ಯೇಸು ಹೇಳಿದ್ದು (ಯೋಹಾನ 3). ಹತ್ತಿರ ಇರುವುದು ಬೇರೆ, ಕಾಣುವುದು ಬೇರೆ, ಅದಕ್ಕೆ ತಲೆಬಾಗುವುದು ಇನ್ನೂ ಬೇರೆ.

## ಪ್ರಾರ್ಥನೆ, ಮನೆ, ಚರ್ಚ್

ನನ್ನೊಳಗೆ ಇದ್ದರೆ ನನಗೇಕೆ ಕಾಣಿಸುವುದಿಲ್ಲ? ಒಳಗೆ ನೋಡಿದರೆ ಸಿಟ್ಟು, ಹೊಟ್ಟೆಕಿಚ್ಚು ಬಿಟ್ಟು ಬೇರೇನೂ ಇಲ್ಲ.

ಇದನ್ನು ಕೇಳಿದ ಹೆಂಗಸು ನಗುತ್ತ ಕೇಳಿದರು, ಆದರೆ ಕಣ್ಣು ನಗುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಮರುಭೂಮಿಯ ಸಂನ್ಯಾಸಿಗಳ ಪರಂಪರೆಯಲ್ಲಿ, ಮಕಾರಿಯಸ್ ಎಂಬ ಹೆಸರಿನಲ್ಲಿ ಉಳಿದ ಬೋಧನೆಗಳಲ್ಲಿ ಅವರಿಗೊಂದು ಜವಾಬಿದೆ: ಹೃದಯ ಚಿಕ್ಕ ಪಾತ್ರೆ, ಆದರೂ ಅದರೊಳಗೆ ಸಿಂಹಗಳೂ ಘಟಸರ್ಪಗಳೂ ಇವೆ, ದೇವರೂ ದೂತರೂ ರಾಜ್ಯವೂ ಅಲ್ಲೇ ಇವೆ. ಅಂದರೆ ಹಾವು ಕಂಡಿತೆಂದು ಅರಮನೆ ಇಲ್ಲ ಎನ್ನಬೇಕಾಗಿಲ್ಲ. ಅದೇ ಕಾಲದ ನಿಸ್ಸಾದ ಗ್ರೆಗೊರಿ, ಮನುಷ್ಯನೊಳಗಿನ ದೇವರ ರೂಪವನ್ನು ತುಕ್ಕು ಹಿಡಿದ ಕಬ್ಬಿಣಕ್ಕೆ ಹೋಲಿಸಿದರು. ಉಜ್ಜಿದರೆ ಮತ್ತೆ ಬಿಸಿಲಿಗೆ ಮಿಂಚುತ್ತದೆ.

ಯೇಸುವಿನ ಸಾಮ್ಯಗಳೂ ಕಾಣದಿರುವುದರ ಬಗ್ಗೆಯೇ ಇವೆ. ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಹುಳಿಯನ್ನು ‘ಅಡಗಿಸಿಟ್ಟಳು’ (ಮತ್ತಾಯ 13:33). ಕಲಸಿದಳು ಎನ್ನಬಹುದಿತ್ತು, ಆದರೆ ಮೂಲದ ಕ್ರಿಯಾಪದ ಬಚ್ಚಿಡುವುದಕ್ಕೇ ಸಂಬಂಧಿಸಿದ್ದು. ನಮ್ಮ ‘ಸೇರು’ ಎಂಬ ಅನುವಾದ ಆ ಅಳತೆಯನ್ನು ಕುಗ್ಗಿಸಿಬಿಟ್ಟಿದೆ; ನಿಜವಾಗಿ ಅದು ಸುಮಾರು 40 ಲೀಟರ್ ಹಿಟ್ಟು, ಊರಿಗೆ ಊಟ ಹಾಕುವಷ್ಟು. ರಾತ್ರಿ ದೋಸೆ ಹಿಟ್ಟು ರುಬ್ಬಿಟ್ಟವರು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುವುದಿಲ್ಲ. ಮಾರ್ಕ 4ರ ರೈತನೂ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಅದು ಹೇಗೆ ಮೊಳೆಯುತ್ತದೆಂದು ಅವನಿಗೇ ತಿಳಿಯದು.

ಒಳಗೇ ಇದ್ದರೆ ‘ನಿನ್ನ ರಾಜ್ಯವು ಬರಲಿ’ ಎಂದು ಯಾಕೆ ಪ್ರಾರ್ಥಿಸಬೇಕು?

ಮೂರನೆಯ ಶತಮಾನದಲ್ಲಿ ಓರಿಜೆನ್ ಎಂಬ ಕ್ರೈಸ್ತ ವಿದ್ವಾಂಸರು ಪ್ರಾರ್ಥನೆಯ ಕುರಿತು ಬರೆದಾಗ ಇದನ್ನೇ ಎತ್ತಿಕೊಂಡರು. ಒಳಗಿರುವ ರಾಜ್ಯ ಮೊಳೆತು, ಫಲ ಕೊಟ್ಟು, ಪೂರ್ಣವಾಗಲಿ ಎಂದು ಬೇಡುವುದೇ ಆ ಸಾಲಿನ ಅರ್ಥ ಎಂದರು. ಅವರ ಇನ್ನೊಂದು ಮಾತು ನನಗೆ ಹೆಚ್ಚು ನಾಟಿದ್ದು: ಪಾಪದ ಆಳ್ವಿಕೆಯೂ ದೇವರ ಆಳ್ವಿಕೆಯೂ ಒಂದೇ ಹೃದಯದಲ್ಲಿ ಜೊತೆಗಿರಲಾರವು. ಹಾಗಾಗಿ ಆ ಸಾಲು ಸುಮ್ಮನೆ ಒಪ್ಪಿಸುವ ಸಾಲಲ್ಲ. ಯಾರನ್ನೋ ಸಿಂಹಾಸನದಿಂದ ಇಳಿಸಿ ಎಂದು ಕೇಳಿಕೊಳ್ಳುವುದು. ಹೆಚ್ಚಿನ ದಿನಗಳಲ್ಲಿ ಆ ‘ಯಾರೋ’ ನಾನೇ. ಜೊತೆಗೆ, ಮುಂದಿನ ಸಾಲು ಭೂಲೋಕವನ್ನೂ ಹೆಸರಿಸುತ್ತದೆ. ಪ್ರಾರ್ಥನೆ ಎದೆಯೊಳಗೇ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ.

ಧ್ಯಾನದಲ್ಲಿ ಸಿಗುವ ಮನಶ್ಶಾಂತಿಯೇ ದೇವರ ರಾಜ್ಯವೇ?

ಮನಶ್ಶಾಂತಿ ಒಳ್ಳೆಯದು. ರಜೆಯ ದಿನ ಮಲ್ಪೆ ಕಡಲತೀರದಲ್ಲಿ ಕೂತರೂ ಅದು ಸಿಗುತ್ತದೆ. ಪೌಲನು ದೇವರ ರಾಜ್ಯವನ್ನು ನೀತಿ, ಸಮಾಧಾನ, ಪವಿತ್ರಾತ್ಮನಲ್ಲಿನ ಆನಂದ ಎಂದು ಕರೆದದ್ದು ನಿಜ (ರೋಮಾಪುರದವರಿಗೆ 14:17). ಆದರೆ ಆ ಮಾತು ಎಲ್ಲಿ ಬಂತು ನೋಡಿ. ರೋಮಿನ ಸಭೆಯಲ್ಲಿ ಊಟದ ವಿಷಯಕ್ಕೆ ಜಗಳ: ಮಾಂಸ ತಿನ್ನಬಹುದೋ, ತರಕಾರಿ ಮಾತ್ರವೋ, ಯಾವ ದಿನ ಶ್ರೇಷ್ಠ. ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂದು ಹೇಳುತ್ತ ಪೌಲನು ಈ ವಾಕ್ಯಕ್ಕೆ ಬರುತ್ತಾನೆ. ಪಟ್ಟಿಯಲ್ಲಿ ಮೊದಲು ನೀತಿ, ಆಮೇಲೆ ಸಮಾಧಾನ. ಊಟದ ತಟ್ಟೆಯ ಮೇಲೆ ಒಬ್ಬರನ್ನೊಬ್ಬರು ಅಳೆಯುವ ನಮ್ಮ ನಾಡಿಗೆ ಈ ಅಧ್ಯಾಯವನ್ನು ವರ್ಷಕ್ಕೊಮ್ಮೆಯಾದರೂ ಗಟ್ಟಿಯಾಗಿ ಓದಿಸಬೇಕು.

ಸ್ಪೇನಿನ ಆವಿಲಾದ ತೆರೇಸಾ 1577ರಲ್ಲಿ ಆತ್ಮವನ್ನು ಸ್ಫಟಿಕದ ಕೋಟೆಯಾಗಿ ಚಿತ್ರಿಸಿದರು. ಏಳು ಸುತ್ತು, ನಟ್ಟನಡುವೆ ಅರಸ. ಒಳಗಿನ ಸುತ್ತಿಗೆ ಹೋದವರು ಕಣ್ಣು ಮುಚ್ಚಿ ಅಲ್ಲೇ ಕೂರುತ್ತಾರೆ ಎಂದು ನಾವೆಣಿಸುತ್ತೇವೆ. ತೆರೇಸಾ ಹಾಗೆ ಬರೆಯಲಿಲ್ಲ: ಏಳನೆಯ ಸುತ್ತಿನಲ್ಲಿ (ಸುವಾರ್ತೆಯಲ್ಲಿ ಯೇಸುವಿನ ಪಾದದ ಬಳಿ ಕೂತು ಕೇಳಿದ) ಮರಿಯಳೂ (ಉಪಚಾರದ ಕೆಲಸದಲ್ಲಿದ್ದ ಅಕ್ಕ) ಮಾರ್ಥಳೂ ಕೂಡಿಯೇ ಇರಬೇಕು, ಅಲ್ಲಿಂದ ಹುಟ್ಟಬೇಕಾದದ್ದು ಕೆಲಸ ಎಂದರು.

ನನಗೆ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಪುರುಸೊತ್ತಿಲ್ಲ. ಒಳಗಿನ ರಾಜ್ಯ ಹುಡುಕಲು ಸಮಯವೆಲ್ಲಿ?

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವೊಂದರಲ್ಲಿ ಲಾರೆನ್ಸ್ ಎಂಬ ಸಹೋದರರಿದ್ದರು. ಮೊದಲು ಸೈನಿಕ, ಆಮೇಲೆ ಮಠದ ಅಡುಗೆಯವ. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಒಗ್ಗದ್ದು. ಆದರೂ ವರ್ಷಗಟ್ಟಲೆ ಅಲ್ಲೇ ಇದ್ದರು. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದ ತಮಗಿಲ್ಲ ಎನ್ನುತ್ತಿದ್ದರು. ಪಾತ್ರೆಗಳ ಸದ್ದಿನ ನಡುವೆ, ನಾಲ್ಕು ಜನ ನಾಲ್ಕು ಬಗೆಯದನ್ನು ಕೇಳುತ್ತಿರುವಾಗಲೂ ದೇವರ ಸನ್ನಿಧಿ ಅಷ್ಟೇ ಹತ್ತಿರ. ದೇವರಲ್ಲಿ ಆಗಾಗ ಒಂದು ಮಾತಾಡುವುದು, ಮರೆತರೆ ಗೋಳಾಡದೆ ಮತ್ತೆ ಆರಂಭಿಸುವುದು ಅವರ ರೀತಿ. ಇದನ್ನು ಹೇಳಿ ನಿಮ್ಮ ಹೊರೆ ಹಗುರವಾಯಿತು ಎಂದು ನಾನು ಬೀಗುವುದಿಲ್ಲ. ಮನೆಯ ಉಳಿದವರು ಎದ್ದು ಪಾತ್ರೆ ತೊಳೆಯುವುದೂ ದೇವರ ರಾಜ್ಯದ ವಿಷಯವೇ.

ಎಲ್ಲ ಒಳಗೇ ಇದ್ದರೆ ಚರ್ಚಿಗೆ ಯಾಕೆ ಹೋಗಬೇಕು?

ಚರ್ಚೇ ದೇವರ ರಾಜ್ಯ ಎಂದು ಒಂದು ಕಾಲದಲ್ಲಿ ಧಾರಾಳವಾಗಿ ಹೇಳಿದ್ದುಂಟು. ಇಂದು ಕಥೋಲಿಕ ಬೋಧನೆಯೂ ಚರ್ಚನ್ನು ಆ ರಾಜ್ಯದ ಬೀಜ ಮತ್ತು ಆರಂಭ ಎಂದಷ್ಟೇ ಕರೆಯುತ್ತದೆ. ಹೋಗಬೇಕಾದ ಕಾರಣ ಬಹಳ ಸರಳ. ಒಬ್ಬನೇ ಕೋಣೆಯಲ್ಲಿ ಕೂತರೆ ನನಗೆ ತಾಳ್ಮೆ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಕಮಿಟಿ ಸಭೆಗೆ ಬನ್ನಿ, ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇದು ನಮ್ಮ ಶರಣರು ಹೇಳಿದ ‘ದೇಹವೇ ದೇಗುಲ’ವೇ ಅಲ್ಲವೇ?

ಕನ್ನಡದಲ್ಲಿ ಓದಿ ಬೆಳೆದವನಿಗೆ ಈ ಪ್ರಶ್ನೆ ಬಾರದಿದ್ದರೆ ಅದೇ ಆಶ್ಚರ್ಯ. ದೇಹ ಪವಿತ್ರಾತ್ಮನ ಆಲಯ ಎಂದು ಪೌಲನೂ ಕೊರಿಂಥದವರಿಗೆ ಬರೆದ. ಇನ್ನೂ ಹತ್ತಿರದ ಹೋಲಿಕೆ ಬೇರೆಡೆ ಇದೆ. ಕಳಬೇಡ, ಕೊಲಬೇಡ ಎಂದು ಎಣಿಸುತ್ತ ಹೋಗುವ ಬಸವಣ್ಣನವರ ವಚನ ಅದೇ ನಡತೆಯನ್ನು ಅಂತರಂಗಶುದ್ಧಿ ಎಂದೂ ಬಹಿರಂಗಶುದ್ಧಿ ಎಂದೂ ಕರೆಯುತ್ತದೆ. ಬಟ್ಟಲಿನ ಒಳಗು ತೊಳೆದರೆ ಹೊರಗೂ ಶುದ್ಧವಾಗುತ್ತದೆ ಎಂಬ ಯೇಸುವಿನ ಮಾತನ್ನು ಪಕ್ಕದಲ್ಲಿಟ್ಟು ಓದಿ. ಇಬ್ಬರೂ ಒಳಗು ಹೊರಗುಗಳ ನಡುವೆ ಗೋಡೆ ಎಬ್ಬಿಸಲು ಬಿಡುವುದಿಲ್ಲ.

ಹಾಗೆಂದು ಎರಡೂ ಒಂದೇ ಎಂದು ಬೆನ್ನು ತಟ್ಟಿಕೊಳ್ಳುವುದು ಇಬ್ಬರಿಗೂ ಅನ್ಯಾಯ. ಶರಣರ ದಾರಿ ಲಿಂಗಾಂಗ ಸಾಮರಸ್ಯದ ಕಡೆಗೆ, ಅಂದರೆ ಜೀವ ಶಿವನಲ್ಲಿ ಒಂದಾಗುವ ಕಡೆಗೆ ನಡೆಯುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಒಳಗಿನ ಅರಸನಿಗೆ ಒಂದು ಚರಿತ್ರೆ ಇದೆ, ಊರು ಇದೆ, ಕೈಯಲ್ಲಿ ಮೊಳೆಯ ಗುರುತು ಇದೆ. ಆಳುವವನೂ ಆಳಿಸಿಕೊಳ್ಳುವವನೂ ಕೊನೆಯವರೆಗೂ ಇಬ್ಬರಾಗಿಯೇ ಉಳಿಯುತ್ತಾರೆ. ಅವರ ನಡುವೆ ಇರುವುದು ಪ್ರೀತಿ.

## ಆಳಕ್ಕೆ ಇಳಿದವರು ಕೇಳುವವು

ಗಾಂಧೀಜಿ ಓದಿದ ಟಾಲ್‌ಸ್ಟಾಯ್ ಪುಸ್ತಕ ಇದೇ ವಿಷಯದ್ದಲ್ಲವೇ? ಅದು ಕ್ರೈಸ್ತ ಬೋಧನೆಯೇ?

ಶೀರ್ಷಿಕೆಯೇ ಲೂಕನ ಆ ವಾಕ್ಯ. ರಷ್ಯಾದಲ್ಲಿ ಪ್ರಕಟಣೆಗೆ ತಡೆ ಬಿದ್ದು, 1894ರಲ್ಲಿ ಜರ್ಮನಿಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ಅದನ್ನೋದಿ ಮನಸೋತದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ; 1910ರಲ್ಲಿ ಜೋಹಾನ್ಸ್‌ಬರ್ಗ್ ಬಳಿ ಆರಂಭವಾದ ಸತ್ಯಾಗ್ರಹಿಗಳ ನೆಲೆಗೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಾಯಿತು. ಕೇಡನ್ನು ಬಲದಿಂದ ಎದುರಿಸಬೇಡಿ ಎಂಬ ಪರ್ವತ ಪ್ರಸಂಗದ ಮಾತನ್ನು ಟಾಲ್‌ಸ್ಟಾಯ್ ಅಕ್ಷರಶಃ ಹಿಡಿದರು. ಒಳಗೆ ದೇವರು ಆಳುತ್ತಿದ್ದರೆ ಹೊರಗೆ ಸೈನ್ಯ, ನ್ಯಾಯಾಲಯ, ಗಲ್ಲುಗಂಬಗಳಿಗೆ ಸಹಕರಿಸಲಾಗದು ಎಂಬುದು ಅವರ ತೀರ್ಮಾನ.

ಆದರೆ ಅವರು ಪವಾಡಗಳನ್ನೂ ಪುನರುತ್ಥಾನವನ್ನೂ ಯೇಸುವಿನ ದೈವತ್ವವನ್ನೂ ಒಪ್ಪಲಿಲ್ಲ. 1901ರಲ್ಲಿ ರಷ್ಯಾದ ಚರ್ಚ್ ಅವರನ್ನು ಹೊರಗಿಟ್ಟಿತು. ಸಾಂಪ್ರದಾಯಿಕ ಅರ್ಥದಲ್ಲಿ ಅದು ಕ್ರೈಸ್ತ ಬೋಧನೆಯ ಪೂರ್ಣರೂಪವಲ್ಲ. ಅರಸನನ್ನು ಬಿಟ್ಟು ಕಾನೂನನ್ನು ಮಾತ್ರ ಉಳಿಸಿಕೊಂಡಂತಿದೆ ಎಂದು ನನಗನ್ನಿಸುತ್ತದೆ. ಆದರೂ ಆ ಕಾನೂನನ್ನು ಅವರಷ್ಟು ಗಂಭೀರವಾಗಿ ತೆಗೆದುಕೊಂಡ ಸಭಾಪಾಲಕರು ಎಷ್ಟು ಮಂದಿ?

‘ನನ್ನ ರಾಜ್ಯ ಈ ಲೋಕದ್ದಲ್ಲ’ ಎಂದರು ಯೇಸು. ಹಾಗಾದರೆ ಅನ್ಯಾಯ, ರಾಜಕೀಯ ನಮಗೆ ಸಂಬಂಧವಿಲ್ಲವಲ್ಲ?

ಆ ಮಾತು ವಿಚಾರಣೆ ನಡೆಸಿದ ರೋಮಿನ ಅಧಿಪತಿ ಪಿಲಾತನ ಮುಂದೆ ಆಡಿದ್ದು (ಯೋಹಾನ 18:36). ಮೂಲದ ಒತ್ತು, ಆ ರಾಜ್ಯ ಈ ಲೋಕದಿಂದ ಹುಟ್ಟಿದ್ದಲ್ಲ ಎಂಬುದರ ಮೇಲಿದೆ. ಅದೇ ವಾಕ್ಯದಲ್ಲಿ ಪುರಾವೆಯೂ ಇದೆ: ಹಾಗಿದ್ದಿದ್ದರೆ ನನ್ನವರು ಹೊಡೆದಾಡುತ್ತಿದ್ದರು. ಬೇರೆ ಇರುವುದು ಆಳುವ ರೀತಿ. ಒಳಗಿನ ಬೆಳಕನ್ನೇ ಎಲ್ಲಕ್ಕಿಂತ ಮೇಲೆ ಇಟ್ಟ ಇಂಗ್ಲೆಂಡಿನ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು 1661ರಲ್ಲಿ ಅರಸ ಎರಡನೆಯ ಚಾರ್ಲ್ಸ್‌ಗೆ ತಾವು ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂದು ಬರೆದುಕೊಟ್ಟರು. ಅವರ ಮುಂದಿನ ತಲೆಮಾರುಗಳು ಗುಲಾಮಗಿರಿಯ ವಿರುದ್ಧ ನಿಂತವರಲ್ಲಿ ಮುಂಚೂಣಿಯಲ್ಲಿದ್ದವು. ಒಳಕ್ಕೆ ಹೋದವರು ಹೊರಗಿನ ಜಗತ್ತಿಗೆ ಬೆನ್ನು ಹಾಕಿದರು ಎನ್ನುವವರಿಗೆ ಈ ಚರಿತ್ರೆ ತೊಡಕಾಗುತ್ತದೆ.

ತೋಮನ ಸುವಾರ್ತೆಯಲ್ಲಿ ರಾಜ್ಯ ಒಳಗೂ ಇದೆ, ಹೊರಗೂ ಇದೆ ಎಂದಿದೆಯಂತೆ. ಅದನ್ನು ಬಚ್ಚಿಟ್ಟರೇ?

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ಅದಿದೆ. ಮೂರನೆಯ ನುಡಿಯಲ್ಲಿ ನೀವು ಹೇಳಿದ ಮಾತೂ ಇದೆ. ರಾಜ್ಯ ಆಕಾಶದಲ್ಲಿದ್ದರೆ ಹಕ್ಕಿಗಳೇ ನಿಮಗಿಂತ ಮೊದಲು ತಲುಪುತ್ತವೆ ಎಂಬ ಚೇಷ್ಟೆಯೂ ಅಲ್ಲಿದೆ. ಇಂದು ಯಾರು ಬೇಕಾದರೂ ಕೊಂಡು ಓದಬಹುದಾದದ್ದನ್ನು ಬಚ್ಚಿಟ್ಟಿದ್ದಾರೆ ಎನ್ನುವುದು ಕಷ್ಟ. ಚರ್ಚ್ ಅದನ್ನು ಬೈಬಲಿಗೆ ಸೇರಿಸಲಿಲ್ಲ. ಅದರಲ್ಲಿ ಒಳಗಿನ ರಾಜ್ಯದ ಬಾಗಿಲು ತನ್ನನ್ನು ತಾನು ಅರಿಯುವುದು. ಮಾರ್ಕ, ಲೂಕರಲ್ಲಿ ಮಗುವಿನಂತೆ ಸ್ವೀಕರಿಸುವುದು. ಶಿಲುಬೆಯ ಕಥೆ, ಪುನರುತ್ಥಾನದ ಕಥೆ ತೋಮನಲ್ಲಿ ಇಲ್ಲವೇ ಇಲ್ಲ.

ರಾಜ್ಯ ಒಳಗಿನದು ಎಂಬ ವಾದವನ್ನು ವಿದ್ವಾಂಸರು ಕೈಬಿಟ್ಟಿದ್ದಾರೆ ಎಂದು ಓದಿದೆ. ನಿಜವೇ?

ಬರ್ಲಿನ್‌ನ ದೇವತಾಶಾಸ್ತ್ರಜ್ಞ ಅಡಾಲ್ಫ್ ಹಾರ್ನಾಕ್ 1900ರ ಸುಮಾರಿನಲ್ಲಿ ಅದನ್ನು ತೀರಾ ಮುಂದಕ್ಕೆ ಒಯ್ದರು: ದೇವರು ಮತ್ತು ಆತ್ಮ, ಇಷ್ಟೇ. ಅದಕ್ಕೂ ಮೊದಲೇ 1892ರಲ್ಲಿ ಯೋಹಾನೆಸ್ ವೈಸ್, ಆಮೇಲೆ 1906ರಲ್ಲಿ ಆಲ್ಬರ್ಟ್ ಶ್ವೈಟ್ಸರ್, ಯೇಸು ಸಾರಿದ್ದು ಲೋಕವನ್ನೇ ಅಲುಗಿಸುವ ಬರಲಿರುವ ಘಟನೆಯನ್ನು ಎಂದು ತೋರಿಸಿದರು. ಅವರ ಆಕ್ಷೇಪದಲ್ಲಿ ಹುರುಳಿದೆ. ಲೂಕ 17ರಲ್ಲೇ, ‘ನಿಮ್ಮಲ್ಲಿಯೇ ಇದೆ’ ಎಂದ ಬೆನ್ನಿಗೆ ಯೇಸು ಶಿಷ್ಯರ ಕಡೆ ತಿರುಗಿ, ಮಿಂಚು ಆಕಾಶವನ್ನು ಬೆಳಗುವಂತೆ ಮನುಷ್ಯಕುಮಾರನ (ಯೇಸು ತಮ್ಮನ್ನೇ ಹೀಗೆ ಕರೆದುಕೊಳ್ಳುತ್ತಿದ್ದರು) ದಿನ ಬರುತ್ತದೆ ಎನ್ನುತ್ತಾರೆ. ‘ಈಗಾಗಲೇ ಬಂದಿದೆ, ಇನ್ನೂ ಪೂರ್ಣವಾಗಿಲ್ಲ’ ಎಂಬುದೇ ಇಂದು ಹೆಚ್ಚಿನವರು ನಿಲ್ಲುವ ಜಾಗ. ಒಳಗಿನದೆಂಬ ಅರ್ಥ ಬಿದ್ದುಹೋಗಲಿಲ್ಲ. ಅದಷ್ಟೇ ಎಂಬ ಹಟ ಬಿದ್ದುಹೋಯಿತು.

ಜೀವನವೆಲ್ಲ ಹಾಳು ಮಾಡಿಕೊಂಡವನು ಕಡೆಯ ಗಳಿಗೆಯಲ್ಲಿ ಈ ರಾಜ್ಯವನ್ನು ಕಾಣಬಹುದೇ?

ಇದನ್ನು ಕೇಳಿದವರು ಮಗನ ಬಗ್ಗೆ ಕೇಳುತ್ತಿದ್ದರು. ಅವರಿಗೆ ಓದಿ ಹೇಳಿದ್ದು ಲೂಕ 23. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಅಪರಾಧಿಗೆ ತೋರಿಸಲು ಯಾವ ಸತ್ಕಾರ್ಯವೂ ಇರಲಿಲ್ಲ, ಕೈಕಾಲು ಆಡಿಸುವಂತೆಯೂ ಇರಲಿಲ್ಲ. ಅವನು ಒಂದು ಭವಿಷ್ಯದ ಮಾತು ಕೇಳಿದ: ನೀನು ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನೆಸಿಕೋ. ಉತ್ತರದಲ್ಲಿ ಬಂದದ್ದು ‘ಈ ದಿನವೇ’.